ಡಾಕ್ಟರ್ ಇಲ್ಲದ ಆರೋಗ್ಯ ಮಂದಿರ: ನರ್ಸ್ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಬೇಕು?

ಹಳ್ಳಿಯ ಉಪಕೇಂದ್ರದ ಗೋಡೆಗೆ ಹಳದಿ ಬಣ್ಣ ಬಂದಿದೆ. ಮೇಲೆ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಬೋರ್ಡು. ಒಳಗೆ ಹೋದರೆ ಡಾಕ್ಟರ್ ಇಲ್ಲ. ಟೇಬಲ್ ಹಿಂದೆ ಕೂತಿರುವವರು ನರ್ಸಿಂಗ್ ಓದಿದವರು. ಅವರೇ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ.

ಇದರ ಬಗ್ಗೆ ಬರುವ ಸುದ್ದಿಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ದಿನ 'ಲಕ್ಷಾಂತರ ಜನರಿಗೆ ಬಿಪಿ, ಶುಗರ್ ತಪಾಸಣೆ' ಎಂದು ಸರ್ಕಾರದ ಜಾಹೀರಾತು. ಇನ್ನೊಂದು ದಿನ ಆ ತಪಾಸಣೆ ಮಾಡಿದವರೇ ಕಾಯಂ ಮಾಡಿ ಎಂದು ಧರಣಿ ಕೂತ ಫೋಟೊ. ಮತ್ತೊಂದು ದಿನ ವೈದ್ಯರ ಸಂಘದ ಹೇಳಿಕೆ: ಎಂಬಿಬಿಎಸ್ ಓದದವರ ಕೈಗೆ ಚಿಕಿತ್ಸೆ ಕೊಡಬೇಡಿ. ಹಾಗಾದರೆ ನರ್ಸ್ ಕೊಟ್ಟ ಮಾತ್ರೆ ನುಂಗಬಹುದಾ, ಬೇಡವಾ? ಓದುಗರಿಗೆ ಗೊಂದಲ ಆಗದೆ ಇನ್ನೇನಾಗುತ್ತದೆ?

ಈ ಮೂರೂ ಸುದ್ದಿಗಳ ಬೇರು ಒಂದೇ. ಕಳೆದ ಏಳೆಂಟು ವರ್ಷಗಳಲ್ಲಿ ನಾವು ಸಾರ್ವಜನಿಕ ಆರೋಗ್ಯದ ದೊಡ್ಡದೊಂದು ಕೆಲಸವನ್ನು ನರ್ಸ್‌ಗಳ ಹೆಗಲಿಗೆ ದಾಟಿಸಿದ್ದೇವೆ. ಆ ಕೆಲಸದ ಜೊತೆ ಹೋಗಬೇಕಿದ್ದ ಅಧಿಕಾರ, ಸಾಕಷ್ಟು ಜನ, ನೌಕರಿಯ ಭದ್ರತೆ ಇನ್ನೂ ಹಿಂದೆಯೇ ಉಳಿದಿವೆ.

ಮೊದಲು ಯಾರು ಯಾರೆಂದು ನೋಡೋಣ

ಜನ ಎಲ್ಲರನ್ನೂ 'ಸಿಸ್ಟರ್' ಎನ್ನುತ್ತಾರೆ. ಇಲಾಖೆಯ ಕಾಗದದಲ್ಲಿ ಹಾಗಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಇರುವವರು ಸ್ಟಾಫ್ ನರ್ಸ್. ಈಗ ಅವರಿಗೆ ಶುಶ್ರೂಷಾಧಿಕಾರಿ ಎಂಬ ಹೆಸರು. ಉಪಕೇಂದ್ರದಲ್ಲಿ ಬಹಳ ವರ್ಷಗಳಿಂದ ಲಸಿಕೆ, ಬಸಿರು-ಬಾಣಂತನ ನೋಡಿಕೊಂಡು ಬಂದವರು ಎಎನ್‌ಎಂ. ಕರ್ನಾಟಕದಲ್ಲಿ ಇವರನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ನರ್ಸ್ ಅಲ್ಲ, ಗೌರವಧನದ ಮೇಲೆ ದುಡಿಯುವವರು.

ಇವರ ನಡುವೆ ಹೊಸದಾಗಿ ಬಂದವರು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಬಿ.ಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿ, ಆಮೇಲೆ ಸಮುದಾಯ ಆರೋಗ್ಯದಲ್ಲಿ 6 ತಿಂಗಳ ತರಬೇತಿ ಪಡೆದವರು. ಕೆಲವು ರಾಜ್ಯಗಳು ಆಯುರ್ವೇದ ಪದವೀಧರರನ್ನೂ ಇದೇ ಹುದ್ದೆಗೆ ತೆಗೆದುಕೊಂಡಿವೆ. ಈಗ ಆ 6 ತಿಂಗಳ ಪಾಠ ಬಿ.ಎಸ್ಸಿ ನರ್ಸಿಂಗ್ ಸಿಲಬಸ್ಸಿನ ಒಳಗೇ ಸೇರಿದೆ.

ಇವರು ಬಂದದ್ದು 2018ರ ಕೇಂದ್ರ ಬಜೆಟ್ಟಿನ ನಂತರ. ದೇಶದ 1.5 ಲಕ್ಷ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 'ಆರೋಗ್ಯ ಮತ್ತು ಕ್ಷೇಮ ಕೇಂದ್ರ' ಮಾಡುತ್ತೇವೆ ಎಂದು ಆಗ ಘೋಷಣೆಯಾಯಿತು. ಮೊದಲನೆಯದು 2018ರ ಏಪ್ರಿಲ್ 14ರಂದು ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ತೆರೆಯಿತು. 2022ರ ಕೊನೆಗೆ ಗುರಿ ಮುಟ್ಟಿದೆವು ಎಂದು ಸರ್ಕಾರ ಹೇಳಿತು. 2023ರ ಕೊನೆಯಲ್ಲಿ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬದಲಾಯಿತು.

ನಗರದವರಿಗೆ ಇನ್ನೊಂದು ಗೊಂದಲ ಇದೆ. ಕರ್ನಾಟಕದಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ 'ನಮ್ಮ ಕ್ಲಿನಿಕ್'ನಲ್ಲಿ ಡಾಕ್ಟರ್ ಹುದ್ದೆ ಇದೆ, ಅವರ ಜೊತೆಗೆ ನರ್ಸ್ ಮತ್ತು ಲ್ಯಾಬ್ ಟೆಕ್ನಿಷಿಯನ್. ಹಳ್ಳಿಯ ಉಪಕೇಂದ್ರದಲ್ಲಿ ಡಾಕ್ಟರ್ ಹುದ್ದೆಯೇ ಇಲ್ಲ. ಆ ಕೇಂದ್ರ ಸಿಎಚ್‌ಒ ಅವರ ಕೈಯಲ್ಲೇ.

ಡಾಕ್ಟರನ್ನೇ ಹಾಕಬಹುದಿತ್ತಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉಪಕೇಂದ್ರ ಅಂದರೆ ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು. ಅಷ್ಟೂ ಕಡೆ ಎಂಬಿಬಿಎಸ್ ಡಾಕ್ಟರ್ ಕೂರಿಸುವುದು ಆಗದ ಮಾತು. ಅದಕ್ಕಿಂತ ದೊಡ್ಡದಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಡಾಕ್ಟರ್ ನಿಲ್ಲುವುದು ಕಷ್ಟ. ಕರ್ನಾಟಕ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಕಾಯ್ದೆಯನ್ನೇ ಮಾಡಿತು. ಅದೂ ಕೋರ್ಟು, ತಿದ್ದುಪಡಿ ಎಂದು ಸುತ್ತಾಡಿತು.

ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ರೋಗದ ಸ್ವಭಾವದಲ್ಲಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ.

ನಮ್ಮ ಉಪಕೇಂದ್ರಗಳ ವ್ಯವಸ್ಥೆ ಹುಟ್ಟಿದ್ದು ಹೆರಿಗೆ, ಲಸಿಕೆ, ಮಲೇರಿಯಾ, ಕ್ಷಯದ ಕಾಲದಲ್ಲಿ. ಇವತ್ತಿನ ದೊಡ್ಡ ಹೊರೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ರಕ್ತದೊತ್ತಡ ಜಾಸ್ತಿ ಇರುವವರು ವಯಸ್ಕರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು.

ಬಿಪಿಗೆ ನೋವಿಲ್ಲ. ನೋವಿಲ್ಲದ್ದರಿಂದ ಜನ ಬರುವುದಿಲ್ಲ. ಬಂದು ಮಾತ್ರೆ ತೆಗೆದುಕೊಂಡವರೂ ಎರಡು ತಿಂಗಳಿಗೆ 'ಈಗ ಆರಾಮಾಗಿದ್ದೀನಲ್ಲ' ಎಂದು ಬಿಟ್ಟುಬಿಡುತ್ತಾರೆ. ಐದು ವರ್ಷ ಕಳೆದ ಮೇಲೆ ಲಕ್ವ ಹೊಡೆಯುತ್ತದೆ, ಇಲ್ಲವೇ ಕಿಡ್ನಿ ಕೈಕೊಡುತ್ತದೆ. ಇಲ್ಲಿ ರೋಗ ಯಾವುದೆಂದು ಕಂಡುಹಿಡಿಯುವ ಜಾಣತನ ಒಂದು ಸಲಕ್ಕೆ ಬೇಕು. ತಿಂಗಳು ತಿಂಗಳು ಬಿಡದೆ ಹಿಂದೆ ಬೀಳುವ ಒಬ್ಬರು ಹತ್ತಿಪ್ಪತ್ತು ವರ್ಷ ಬೇಕು. ದೂರದ ಪಟ್ಟಣದಲ್ಲಿರುವ ಡಾಕ್ಟರಿಂದ ಅದು ಆಗುವ ಕೆಲಸವಲ್ಲ. ಊರಲ್ಲೇ ಇರುವ ನರ್ಸ್‌ಗೆ ಆಗುತ್ತದೆ.

ಟೇಬಲ್ ಮೇಲೆ ನಡೆಯುವುದೇನು

ಕಾಗದದ ಮೇಲಿನ ಯೋಜನೆ ಕೇಂದ್ರದಲ್ಲಿ ಹೇಗೆ ನಡೆಯಬೇಕು ಎಂದು ನೋಡಿ.

30 ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಹೋಗಿ ಒಂದು ಫಾರಂ ತುಂಬುತ್ತಾರೆ. ವಯಸ್ಸು, ಬೀಡಿ-ಗುಟ್ಕಾ-ಕುಡಿತ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ ಎಂಬುದಕ್ಕೆಲ್ಲ ಅಂಕ. 4ಕ್ಕಿಂತ ಜಾಸ್ತಿ ಬಂದವರನ್ನು ಬಿಡದೆ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಸಿಎಚ್‌ಒ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಸ್ಟ್ರಿಪ್ ಮೇಲೆ ಶುಗರ್ ನೋಡುತ್ತಾರೆ. ಟಾರ್ಚ್ ಹಿಡಿದು ಬಾಯೊಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದೆಯಾ ಎಂದು ನೋಡುತ್ತಾರೆ. ಗುಟ್ಕಾ ಜಾಸ್ತಿ ಇರುವ ಊರಲ್ಲಿ ಈ ಟಾರ್ಚಿನ ಕೆಲಸಕ್ಕೆ ಬಹಳ ಬೆಲೆ ಇದೆ.

ಬಿಪಿ 140/90 ದಾಟಿದೆ ಎನ್ನಿ. ಸಿಎಚ್‌ಒ ತಾವೇ ಮಾತ್ರೆ ಶುರು ಮಾಡುವಂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಕಳಿಸಬೇಕು, ಇಲ್ಲವೇ ದೂರದ ಡಾಕ್ಟರಿಗೆ ತೋರಿಸುವ ಸರ್ಕಾರಿ ಆನ್‌ಲೈನ್ ಸೇವೆ ಇ-ಸಂಜೀವಿನಿಯಲ್ಲಿ ವಿಡಿಯೊ ಕರೆ ಮಾಡಿ ತೋರಿಸಬೇಕು. ಡಾಕ್ಟರ್ ಖಚಿತಪಡಿಸಿ ಚೀಟಿ ಬರೆದ ಮೇಲೆ ತಿಂಗಳು ತಿಂಗಳ ಮಾತ್ರೆ ಉಪಕೇಂದ್ರದಲ್ಲೇ ಸಿಗುತ್ತದೆ. ಪ್ರತಿ ಸಲ ಬಿಪಿ ನೋಡಿ, ಹತೋಟಿಗೆ ಬರದಿದ್ದರೆ ಮತ್ತೆ ಡಾಕ್ಟರಿಗೆ ಕಳಿಸುತ್ತಾರೆ. ಬರಬೇಕಾದವರು ಬರದಿದ್ದರೆ ಆಶಾ ಮೂಲಕ ಹೇಳಿ ಕಳಿಸುತ್ತಾರೆ: 'ಯಾಕಮ್ಮಾ, ಹೋದ ತಿಂಗಳು ಬರಲೇ ಇಲ್ಲ?'

ಕೇಳಲು ಸಣ್ಣ ಕೆಲಸ. ಆದರೆ ಈ ಮಾತ್ರೆಗಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದಾದರೆ ಬಸ್ಸಿನ ದುಡ್ಡು, ಅರ್ಧ ದಿನದ ಕ್ಯೂ, ಒಂದು ದಿನದ ಕೂಲಿ ಹೋಗುತ್ತದೆ. ಮೂರನೇ ತಿಂಗಳಿಗೆ ಜನ ಬಿಡುವುದು ಇದಕ್ಕೇ, ಸೋಮಾರಿತನಕ್ಕಲ್ಲ. ಮಾತ್ರೆ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕರೆ ಬಿಡುವವರು ಕಡಿಮೆಯಾಗುತ್ತಾರೆ. ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ 2017ರ ಕೊನೆಯಲ್ಲಿ ಐದು ರಾಜ್ಯಗಳಲ್ಲಿ ಶುರುವಾದಾಗ ಕಂಡದ್ದೂ ಇದೇ. ದೊಡ್ಡ ಆಸ್ಪತ್ರೆಗಳಿಗಿಂತ ಕೆಳಹಂತದ ಕೇಂದ್ರಗಳಲ್ಲಿ ಹೆಸರು ಬರೆಸಿದವರ ಬಿಪಿ ಹೆಚ್ಚು ಹತೋಟಿಯಲ್ಲಿತ್ತು. ಕರ್ನಾಟಕದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ಅದೂ ಇದೇ ತರ್ಕದ ಮೇಲೆ ನಿಂತಿದೆ: ರೋಗಿ ಬರದಿದ್ದರೆ ತಪಾಸಣೆ, ಮಾತ್ರೆ ಎರಡೂ ಮನೆ ಬಾಗಿಲಿಗೆ ಹೋಗಲಿ.

ವೈದ್ಯರ ಸಂಘ ಬೇಡ ಎನ್ನುವುದೇಕೆ

2019ರ ಜುಲೈ 31ರಂದು ದೇಶದ ವೈದ್ಯರು ಮುಷ್ಕರ ಮಾಡಿದರು. ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆ ಅದಕ್ಕೆ ಎರಡು ದಿನ ಮೊದಲು ಲೋಕಸಭೆಯಲ್ಲಿ ಪಾಸಾಗಿತ್ತು. ಅವರ ಸಿಟ್ಟಿಗೆ ಮುಖ್ಯ ಕಾರಣ 32ನೇ ಸೆಕ್ಷನ್. ಆಧುನಿಕ ವೈದ್ಯಪದ್ಧತಿಗೆ ಸಂಬಂಧಪಟ್ಟ, ಅರ್ಹತೆ ಪಡೆದವರಿಗೆ 'ಸಮುದಾಯ ಆರೋಗ್ಯ ಪೂರೈಕೆದಾರ' ಎಂಬ ಸೀಮಿತ ಲೈಸೆನ್ಸ್ ಕೊಡಬಹುದು ಎಂದು ಅದು ಹೇಳುತ್ತದೆ. ಪ್ರಾಥಮಿಕ ಮತ್ತು ರೋಗತಡೆ ಚಿಕಿತ್ಸೆಯಲ್ಲಿ ಮಾತ್ರ, ನಿಗದಿ ಮಾಡಿದ ಔಷಧಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು. ಉಳಿದದ್ದಕ್ಕೆ ಡಾಕ್ಟರ್ ಮೇಲ್ವಿಚಾರಣೆ ಬೇಕು. ಇಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದು.

ಭಾರತೀಯ ವೈದ್ಯಕೀಯ ಸಂಘ ಇದನ್ನು ನಕಲಿ ವೈದ್ಯರಿಗೆ ಕೊಟ್ಟ ಪರವಾನಗಿ ಎಂದು ಕರೆಯಿತು. ಮಾತು ಖಾರವಾಗಿತ್ತು, ಆದರೆ ಒಳಗಿರುವ ಆತಂಕ ಸುಳ್ಳಲ್ಲ. ಎದೆಯುರಿ ಎಂದು ಬಂದವರಿಗೆ ಹೃದಯಾಘಾತ ಆಗಿರಬಹುದು. ಸಾಮಾನ್ಯ ಜ್ವರ ಅಂದುಕೊಂಡದ್ದು ಡೆಂಗಿ ಆಗಿ ಮೂರನೇ ದಿನ ಕೆಡಬಹುದು. ಅದನ್ನು ಹಿಡಿಯುವ ಕಣ್ಣು ಓದಿನಿಂದ, ಅನುಭವದಿಂದ ಬರುವುದು. ಆರು ತಿಂಗಳಲ್ಲಿ ಬರುತ್ತದಾ?

ಅವರ ಎರಡನೇ ವಾದ ನ್ಯಾಯದ್ದು. ನಗರದವರಿಗೆ ಎಂ.ಡಿ., ಹಳ್ಳಿಯವರಿಗೆ ನರ್ಸ್. ಇದು ಎರಡನೇ ದರ್ಜೆಯ ಚಿಕಿತ್ಸೆ ಅಲ್ವಾ?

ಈ ಎರಡನೇ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದು ನರ್ಸನ್ನು ಡಾಕ್ಟರ್ ಜೊತೆ ಹೋಲಿಸುತ್ತದೆ. ಹಳ್ಳಿಯಲ್ಲಿ ಇವತ್ತು ಇರುವ ಬದಲಿ ಡಾಕ್ಟರ್ ಅಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹೇಳಿ ತರುವ ಮಾತ್ರೆ, ಬಂದವರಿಗೆಲ್ಲ ಇಂಜೆಕ್ಷನ್ ಚುಚ್ಚಿ ಗ್ಲೂಕೋಸ್ ಏರಿಸುವ 'ಆರ್‌ಎಂಪಿ', ಅಥವಾ ಏನೂ ಇಲ್ಲ. ಅದರ ಎದುರು ಮೂರು-ನಾಲ್ಕು ವರ್ಷ ನರ್ಸಿಂಗ್ ಓದಿದವರು ಎಷ್ಟೋ ಮೇಲು.

ಪುರಾವೆ ಎರಡೂ ಕಡೆ ಮಾತಾಡುತ್ತದೆ

ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಪೀಡಿತರ ಸಂಖ್ಯೆ ಎಷ್ಟಿತ್ತೆಂದರೆ ಡಾಕ್ಟರುಗಳಿಗೆ ಕಾದರೆ ಜನ ಸಾಯುತ್ತಿದ್ದರು. ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ತರಬೇತಿ ಕೊಟ್ಟು ನರ್ಸ್‌ಗಳೇ ಔಷಧ ಶುರು ಮಾಡುವಂತೆ ಮಾಡಿ ಪರೀಕ್ಷಿಸಿದರು. 2012ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ಸಾವು ಹೆಚ್ಚಲಿಲ್ಲ, ರೋಗದ ಹತೋಟಿಯೂ ಡಾಕ್ಟರ್ ನೋಡಿದವರಿಗಿಂತ ಕೆಟ್ಟಿರಲಿಲ್ಲ. ಬ್ರಿಟನ್‌ನಲ್ಲಿ 2006ರಿಂದ ಹೆಚ್ಚುವರಿ ತರಬೇತಿ ಪಡೆದ ನರ್ಸ್‌ಗಳು ಬಹುತೇಕ ಎಲ್ಲ ಔಷಧ ಬರೆಯಬಹುದು. 2018ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ನರ್ಸ್‌ಗಳ ಫಲಿತಾಂಶ ಡಾಕ್ಟರುಗಳಷ್ಟೇ ಅಥವಾ ತುಸು ಮೇಲು ಎಂದು ಕಂಡಿತು. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು, ಅಲ್ಲಿನ ನರ್ಸ್‌ಗಳ ತರಬೇತಿಯೂ ಗಟ್ಟಿ. ಅದನ್ನು ತಂದು ನೇರ ನಮ್ಮ ಹಳ್ಳಿಗೆ ಅಂಟಿಸಲು ಬರುವುದಿಲ್ಲ.

ನಮ್ಮದೇ ನೆಲದ ಪುರಾವೆ ಛತ್ತೀಸ್‌ಗಢದಿಂದ ಬಂದಿದೆ. ಆ ರಾಜ್ಯ 2001ರಲ್ಲಿ ಗ್ರಾಮೀಣ ಚಿಕಿತ್ಸೆಗೆಂದೇ ಮೂರು ವರ್ಷದ ಕೋರ್ಸ್ ಶುರು ಮಾಡಿತ್ತು. ವಿರೋಧದಿಂದ ಕೋರ್ಸ್ ಕೆಲವೇ ವರ್ಷಗಳಲ್ಲಿ ನಿಂತಿತು. ಓದಿ ಹೊರಬಂದವರನ್ನು ಗ್ರಾಮೀಣ ವೈದ್ಯಕೀಯ ಸಹಾಯಕರೆಂದು ಪ್ರಾಥಮಿಕ ಕೇಂದ್ರಗಳಿಗೆ ಹಾಕಿದರು. ಆಮೇಲೆ ಸಂಶೋಧಕರು ನಾಲ್ಕು ಗುಂಪುಗಳನ್ನು ಹೋಲಿಸಿದರು: ಎಂಬಿಬಿಎಸ್ ಡಾಕ್ಟರ್, ಆಯುಷ್ ಡಾಕ್ಟರ್, ಈ ಸಹಾಯಕರು, ಮತ್ತು ಡಾಕ್ಟರ್ ಇಲ್ಲದ ಕಡೆ ಹೇಗೋ ಚಿಕಿತ್ಸೆ ಕೊಡುತ್ತಿದ್ದ ನರ್ಸ್, ಫಾರ್ಮಸಿಸ್ಟ್ ಮುಂತಾದವರು. ಸಾಮಾನ್ಯ ರೋಗಗಳಲ್ಲಿ ಮೂರು ವರ್ಷ ಓದಿದ ಸಹಾಯಕರು ಎಂಬಿಬಿಎಸ್ ಡಾಕ್ಟರಿಗೆ ಸರಿಸಮ ನಿಂತರು. ಕೊನೆಯಲ್ಲಿ ಉಳಿದವರು ನಾಲ್ಕನೇ ಗುಂಪು.

ಸರ್ಕಾರ ಈ ಫಲಿತಾಂಶದ ಮೊದಲರ್ಧವನ್ನು ಹಿಡಿದುಕೊಳ್ಳುತ್ತದೆ, ವೈದ್ಯರ ಸಂಘ ಎರಡನೇ ಅರ್ಧವನ್ನು. ಎರಡನ್ನೂ ಒಟ್ಟಿಗೆ ಓದಬೇಕು. ಆ ಕೆಲಸಕ್ಕೆಂದೇ ತಯಾರು ಮಾಡಿದರೆ ಎಂಬಿಬಿಎಸ್ ಇಲ್ಲದವರೂ ಚೆನ್ನಾಗಿ ನೋಡುತ್ತಾರೆ. ತಯಾರು ಮಾಡದೆ ಸುಮ್ನೆ ಕೂರಿಸಿದರೆ ಅದೇ ಜನ ತಪ್ಪು ಮಾಡುತ್ತಾರೆ, ಮತ್ತು ಆ ತಪ್ಪು ಅವರದ್ದಲ್ಲ.

ಕಾನೂನಿನ ನಡುನೀರು

ಸಿಎಚ್‌ಒ ಈಗ ಯಾವ ಅಧಿಕಾರದ ಮೇಲೆ ಮಾತ್ರೆ ಕೊಡುತ್ತಾರೆ? ಔಷಧ ನಿಯಮಗಳ ಪ್ರಕಾರ ಬಿಪಿ, ಶುಗರ್ ಮಾತ್ರೆಗಳಿಗೆಲ್ಲ ನೋಂದಾಯಿತ ವೈದ್ಯರ ಚೀಟಿ ಬೇಕು. ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳಲ್ಲಿ ಉಪಕೇಂದ್ರದ ನರ್ಸ್, ಎಎನ್‌ಎಂ ಔಷಧ ವಿತರಿಸಲು ಅದೇ ನಿಯಮಗಳಲ್ಲಿ ವಿನಾಯಿತಿ ಇದೆ. ವಿತರಿಸುವುದು ಬೇರೆ, ಬರೆಯುವುದು ಬೇರೆ. ಸಿಎಚ್‌ಒ ವಿತರಿಸಬಹುದು. ಬರೆಯುವುದು ಡಾಕ್ಟರ್.

ಇ-ಸಂಜೀವಿನಿಯಲ್ಲಿ ಆ ಕಡೆ ಡಾಕ್ಟರ್ ಸಿಕ್ಕರೆ, ನೆಟ್‌ವರ್ಕ್ ಇದ್ದರೆ ಈ ವ್ಯವಸ್ಥೆ ನಡೆಯುತ್ತದೆ. ಎರಡರಲ್ಲಿ ಒಂದು ಕೈಕೊಟ್ಟ ದಿನ ಏನು? ಎದುರಿಗೆ 180/110 ಬಿಪಿ ಇರುವ ರೋಗಿ, ಕಪಾಟಿನಲ್ಲಿ ಬಿಪಿ ಇಳಿಸುವ ಆಮ್ಲೋಡಿಪಿನ್ ಮಾತ್ರೆ. ಕೊಟ್ಟರೆ ನಿಯಮ ಮೀರಿದಂತೆ. ಕೊಡದೆ ಕಳಿಸಿದರೆ ಆ ಮನುಷ್ಯ ಪ್ರಾಥಮಿಕ ಕೇಂದ್ರದ ತನಕ ಹೋಗದೆ ಮನೆಗೇ ಹೋಗಬಹುದು. ಏನಾದರೂ ಹೆಚ್ಚುಕಮ್ಮಿ ಆದರೆ ಎರಡೂ ಸಲ ಊರವರ ಬೈಗುಳ ಸಿಎಚ್‌ಒಗೇ.

ಮಾರ್ಗಸೂಚಿಯ ಪ್ರಕಾರ ಉಪಕೇಂದ್ರದಲ್ಲಿ 105 ಬಗೆಯ ಔಷಧ, 14 ಪರೀಕ್ಷೆ ಇರಬೇಕು. ಅಷ್ಟು ಔಷಧ ಕೈಗೆ ಕೊಟ್ಟ ಮೇಲೆ ಯಾವುದನ್ನು ಯಾವಾಗ, ಎಷ್ಟು, ಯಾರ ಒಪ್ಪಿಗೆಯಿಲ್ಲದೆ ಶುರು ಮಾಡಬಹುದು ಎಂದು ಸ್ಪಷ್ಟವಾಗಿ ಬರೆದುಕೊಡುವುದು ನ್ಯಾಯ. 32ನೇ ಸೆಕ್ಷನ್ ಆ ಬಾಗಿಲು ತೆರೆದಿತ್ತು. ಅದರ ಬಗ್ಗೆ ಗಲಾಟೆ ಆಯಿತೇ ಹೊರತು ಔಷಧಗಳ ಪಟ್ಟಿಯ ಬಗ್ಗೆ ತಣ್ಣಗೆ ಕೂತು ಮಾತಾಡಲಿಲ್ಲ.

ನರ್ಸಿಂಗ್ ಕ್ಷೇತ್ರದ ಸ್ವಂತ ಕಾನೂನೂ ಬದಲಾಗುತ್ತಿದೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಬಂತು. ಕಾಲೇಜುಗಳ ಗುಣಮಟ್ಟ, ನೋಂದಣಿ, ವೃತ್ತಿಯ ನಡವಳಿಕೆ ಇದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕಕ್ಕೆ ಇದು ಸಣ್ಣ ವಿಷಯವಲ್ಲ. ದೇಶದಲ್ಲಿ ನರ್ಸಿಂಗ್ ಕಾಲೇಜುಗಳು ಅತಿ ಹೆಚ್ಚು ಇರುವ ರಾಜ್ಯಗಳ ಸಾಲಿನಲ್ಲಿ ನಾವು ಮುಂದಿದ್ದೇವೆ. ಆಸ್ಪತ್ರೆಯೇ ಇಲ್ಲದೆ ಬಾಡಿಗೆ ಕಟ್ಟಡದಲ್ಲಿ ಕಾಲೇಜು ನಡೆಸಿದರೆ, ಹಾಸಿಗೆ ಪಕ್ಕ ನಿಂತು ಕಲಿಯದ ನರ್ಸ್ ಹೊರಬರುತ್ತಾರೆ. ಅಂಥವರನ್ನು ಒಂಟಿಯಾಗಿ ಉಪಕೇಂದ್ರಕ್ಕೆ ಹಾಕಿದರೆ ವೈದ್ಯರ ಸಂಘದ ಭಯ ನಿಜವಾಗುತ್ತದೆ.

ವಾರ್ಡಿನಲ್ಲಿ ಪ್ರಶ್ನೆ ಬೇರೆ: ಎಷ್ಟು ಜನ?

ಹಳ್ಳಿಯಲ್ಲಿ ಅಧಿಕಾರದ ಪ್ರಶ್ನೆ. ಆಸ್ಪತ್ರೆಯಲ್ಲಿ ತಲೆ ಎಣಿಕೆಯ ಪ್ರಶ್ನೆ.

ಲೆಕ್ಕಕ್ಕೆ 40 ಹಾಸಿಗೆಯ ಒಂದು ವಾರ್ಡ್ ಇಟ್ಟುಕೊಳ್ಳೋಣ. ರಾತ್ರಿ 8ರಿಂದ ಬೆಳಗ್ಗೆ 8ರ ತನಕ ಇಬ್ಬರು ನರ್ಸ್. ಒಬ್ಬೊಬ್ಬರಿಗೆ 20 ರೋಗಿಗಳು. 12 ಗಂಟೆಯನ್ನು ಹಂಚಿದರೆ ಒಬ್ಬ ರೋಗಿಗೆ ಇಡೀ ರಾತ್ರಿಗೆ 36 ನಿಮಿಷ. ಅದರಲ್ಲೇ ಇಂಜೆಕ್ಷನ್, ಡ್ರಿಪ್ ಬದಲಿಸುವುದು, ಮಗ್ಗುಲು ಹೊರಳಿಸುವುದು, ಚಾರ್ಟ್ ಬರೆಯುವುದು, ಹೊಸ ಅಡ್ಮಿಷನ್, ಡಾಕ್ಟರಿಗೆ ಫೋನು, ಸಂಬಂಧಿಕರ ಜಗಳ. ಊಟ, ಶೌಚಾಲಯದ ಸಮಯ ಇನ್ನೂ ಕಳೆದಿಲ್ಲ.

ಇದರಿಂದ ರೋಗಿಗೆ ಏನಾಗುತ್ತದೆ? ಆಸ್ಪತ್ರೆಯಲ್ಲಿ ರೋಗಿ ಇದ್ದಕ್ಕಿದ್ದಂತೆ ಸಾಯುವುದು ಕಡಿಮೆ. ಅದಕ್ಕೆ ಗಂಟೆಗಳ ಮೊದಲೇ ಉಸಿರಾಟ ಜೋರಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮಾತು ತೊದಲುತ್ತದೆ. ಆ ಹೊತ್ತಿನಲ್ಲಿ ಡಾಕ್ಟರ್ ಹಾಸಿಗೆ ಪಕ್ಕ ಇರುವುದಿಲ್ಲ. ಗಮನಿಸಬೇಕಾದವರು ನರ್ಸ್. 20 ಜನರನ್ನು ನೋಡುತ್ತಿರುವವರು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಲು ಪುರಸೊತ್ತಿಲ್ಲದೆ ಹಿಂದಿನ ಅಂಕಿಯನ್ನೇ ಬರೆದು ಮುಂದೆ ಹೋಗುವ ಸಾಧ್ಯತೆ ಜಾಸ್ತಿ.

ಇದು ಊಹೆಯ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಆದ 2.3 ಲಕ್ಷ ರೋಗಿಗಳ ಲೆಕ್ಕ 2002ರಲ್ಲಿ ಬಂತು. ಒಬ್ಬ ನರ್ಸ್ ನೋಡಬೇಕಾದವರಲ್ಲಿ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಅಲ್ಲಿ ಹೋಲಿಸಿದ್ದು ಒಬ್ಬ ನರ್ಸ್‌ಗೆ 4 ರೋಗಿಗಳಿಗೂ 8 ರೋಗಿಗಳಿಗೂ. ನಮ್ಮ ಜನರಲ್ ವಾರ್ಡ್‌ಗಳ ಸಂಖ್ಯೆ ಆ ಅಳತೆಪಟ್ಟಿಯ ಹೊರಗೇ ಇದೆ.

ಕ್ಯಾಲಿಫೋರ್ನಿಯಾ 1999ರಲ್ಲಿ ಕಾಯ್ದೆ ಮಾಡಿ 2004ರಿಂದ ಮಿತಿ ಜಾರಿಗೆ ತಂದಿತು. ಐಸಿಯುನಲ್ಲಿ ಇಬ್ಬರಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಐವರಿಗೆ ಒಬ್ಬರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿ ಸಾವು ಮತ್ತು ಮರು ದಾಖಲಾತಿ ಕಡಿಮೆಯಾಗಿ, ಹೆಚ್ಚುವರಿ ನರ್ಸ್‌ಗಳ ಸಂಬಳಕ್ಕಿಂತ ಜಾಸ್ತಿ ದುಡ್ಡು ಉಳಿಯಿತೆಂದು 2021ರ ಅಧ್ಯಯನ ಲೆಕ್ಕ ಹಾಕಿತು. ಭಾರತದಲ್ಲೂ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಇದೆ: ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಮೂವರಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗೆ ಐವರಿಗೆ ಒಬ್ಬರು. ಮಾನದಂಡ ಮೀರಿದರೆ ಯಾರಿಗೂ ಏನೂ ಆಗುವುದಿಲ್ಲ, ಅಷ್ಟೇ.

ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ 1946ರ ಭೋರ್ ಸಮಿತಿ ಆಗಲೇ ಇದನ್ನು ಕಂಡಿತ್ತು. ಆಗ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್. ಮುಂದೆ 2,000 ಜನರಿಗೆ ಒಬ್ಬ ಡಾಕ್ಟರ್, 300 ಜನರಿಗೆ ಒಬ್ಬ ನರ್ಸ್ ಬೇಕೆಂದು ಸಮಿತಿ ಗುರಿ ಇಟ್ಟಿತು. ಡಾಕ್ಟರಿಗಿಂತ ಆರೇಳು ಪಟ್ಟು ಹೆಚ್ಚು ನರ್ಸ್! ಆಮೇಲೆ ನಾವು ಮೆಡಿಕಲ್ ಸೀಟುಗಳ ಲೆಕ್ಕ ಹಾಕುತ್ತಾ ಕೂತೆವು.

ಗುತ್ತಿಗೆ ಎಂಬ ಗಂಟು

ಸಿಎಚ್‌ಒಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು. ಕೇಂದ್ರದ ಮಾರ್ಗಸೂಚಿಯಲ್ಲಿ ಅವರ ಆದಾಯ ಎರಡು ಪಾಲು: ಒಂದು ನಿಗದಿತ ಸಂಬಳ, ಇನ್ನೊಂದು ಸಾಧನೆಗೆ ತಕ್ಕ ಪ್ರೋತ್ಸಾಹಧನ, ತಿಂಗಳಿಗೆ 15,000 ರೂಪಾಯಿ ತನಕ. ಸಾಧನೆ ಅಳೆಯುವುದು ಆ್ಯಪ್‌ನಲ್ಲಿ ತುಂಬಿದ ಅಂಕಿಗಳಿಂದ. ಆದಾಯ ಅಂಕಿಗೆ ಕಟ್ಟುಬಿದ್ದಾಗ ಹೊಸಬರನ್ನು ತಪಾಸಣೆ ಮಾಡಿ ಎಂಟ್ರಿ ಹಾಕುವುದೇ ಮುಖ್ಯವಾಗುತ್ತದೆ. ಹಳೆಯ ರೋಗಿಯ ಜೊತೆ ಕೂತು ಉಪ್ಪು ಕಡಿಮೆ ಮಾಡಿಸುವ ಮಾತು ಯಾವ ಕಾಲಂನಲ್ಲೂ ಬರುವುದಿಲ್ಲ.

2023ರ ಫೆಬ್ರವರಿಯಲ್ಲಿ ಇವರೂ ಸೇರಿದಂತೆ ಅಭಿಯಾನದ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಕಾಯಂ ಮಾಡಿ ಎಂಬ ಬೇಡಿಕೆಗೆ ಸರ್ಕಾರಗಳು ಸಾಮಾನ್ಯವಾಗಿ ತೋರಿಸುವುದು 2006ರ ಉಮಾದೇವಿ ತೀರ್ಪನ್ನು. ಅದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ. ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲ ಎಂದಿತು. ಆದರೆ 2024ರ ಡಿಸೆಂಬರಿನ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು, ವರ್ಷಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿದವರಿಗೆ ಅನ್ಯಾಯ ಮಾಡಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದು ಹೇಳಿತು. ಉಪಕೇಂದ್ರದ ಕೆಲಸ ತಾತ್ಕಾಲಿಕ ಎಂದು ವಾದಿಸುವುದು ಇನ್ನು ಮುಂದೆ ಕಷ್ಟ.

ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಕತೆ ಇನ್ನೂ ತೆಳು. ಸುಪ್ರೀಂ ಕೋರ್ಟಿನ 2016ರ ಸೂಚನೆಯಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ಸಂಬಳ 20,000ಕ್ಕಿಂತ ಕಡಿಮೆ ಇರಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದಿತು. ಕೇರಳ ನರ್ಸ್‌ಗಳ ಹೋರಾಟದ ನಂತರ 2018ರಲ್ಲಿ ಅಧಿಸೂಚನೆ ಹೊರಡಿಸಿತು. ಬೇರೆ ಕಡೆ ಅದು ಸಲಹೆಯಾಗಿಯೇ ಉಳಿಯಿತು.

ಹೀಗೇ ಬಿಟ್ಟರೆ ಏನಾಗುತ್ತದೆ

ಜನ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸ್‌ಗಳ ಕೊರತೆ ಇದೆ. ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದಲ್ಲಿಲ್ಲ. ಮಂಗಳೂರು, ಬೆಂಗಳೂರಿನಲ್ಲಿ ಓದಿದವರು ಗಲ್ಫ್, ಬ್ರಿಟನ್, ಐರ್ಲೆಂಡ್, ಜರ್ಮನಿ ಕಡೆ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋಗುವವರು ಮೂರು-ನಾಲ್ಕು ವರ್ಷ ಅನುಭವ ಆದವರು. ವಾರ್ಡಿನಲ್ಲಿ ಉಳಿಯುವವರು ಹೊಸಬರು, ಅವರಿಗೆ ಕಲಿಸಬೇಕಾದವರು ಇಲ್ಲ. ಉಪಕೇಂದ್ರದಲ್ಲಿ ಸಿಎಚ್‌ಒ ಬಿಟ್ಟು ಹೋದರೆ ನಷ್ಟ ಇನ್ನೂ ದೊಡ್ಡದು. ಊರಿನ ಯಾರ ಬಿಪಿ ಯಾವ ಮಾತ್ರೆಗೆ ಬಗ್ಗುತ್ತದೆ ಎಂಬ ಮೂರು ವರ್ಷದ ತಿಳಿವಳಿಕೆ ಅವರ ಜೊತೆ ಹೋಗುತ್ತದೆ.

ಕೇಂದ್ರದ ಒಳಗೂ ಇರಿಸುಮುರಿಸು ಇದೆ. ಇಪ್ಪತ್ತು ವರ್ಷ ಊರು ಸುತ್ತಿದ ಸುರಕ್ಷಾಧಿಕಾರಿಯ ಮೇಲೆ ಈಗಷ್ಟೇ ಓದು ಮುಗಿಸಿದ ಸಿಎಚ್‌ಒ ತಂಡದ ಮುಖ್ಯಸ್ಥರು. ಅವರು ಕಾಯಂ, ಇವರು ಗುತ್ತಿಗೆ. ಯಾರು ಯಾರ ಮಾತು ಕೇಳಬೇಕು? ಇಬ್ಬರ ಕೆಲಸವನ್ನೂ ಬರೆದು ಹಂಚದೆ ಇದ್ದರೆ ಲಸಿಕೆಯ ದಿನವೂ ಜಗಳ, ಶುಗರ್ ತಪಾಸಣೆಯ ದಿನವೂ ಜಗಳ.

ಸರಿಹೋಗುವ ದಾರಿಯೂ ಇಲ್ಲದೆ ಇಲ್ಲ. ರಾಜ್ಯ ಸರ್ಕಾರ ಬಿಪಿ, ಶುಗರ್, ಸಾಮಾನ್ಯ ಸೋಂಕುಗಳಿಗೆ ಒಂದು ಚಿಕ್ಕ ಔಷಧ ಪಟ್ಟಿ ಮಾಡಿ, ಯಾವ ಅಂಕಿಗೆ ಯಾವ ಮಾತ್ರೆ, ಯಾವ ಲಕ್ಷಣಕ್ಕೆ ತಕ್ಷಣ ಆಂಬುಲೆನ್ಸ್ ಎಂದು ಬರೆದುಕೊಡಬಹುದು. ಅದರೊಳಗೆ ನಡೆದುಕೊಂಡ ಸಿಎಚ್‌ಒಗೆ ಕಾನೂನಿನ ರಕ್ಷಣೆ ಕೊಡಬಹುದು. ಪಟ್ಟಿಯ ಹೊರಗೆ ಹೋದರೆ ಕ್ರಮ. ವೈದ್ಯರ ಸಂಘವನ್ನೇ ಆ ಪಟ್ಟಿ ತಯಾರಿಸಲು ಕೂರಿಸಿದರೆ ಅವರ ಆತಂಕಕ್ಕೂ ಒಂದು ಜಾಗ ಸಿಗುತ್ತದೆ. ಗುತ್ತಿಗೆಯನ್ನು ಹುದ್ದೆಯಾಗಿ ಮಾಡಲು ದುಡ್ಡು ಬೇಕು, ಅದು ನಿಜ. ಒಂದು ಡಯಾಲಿಸಿಸ್ ರೋಗಿಗೆ ಸರ್ಕಾರ ವರ್ಷವಿಡೀ ಮಾಡುವ ಖರ್ಚನ್ನು ಪಕ್ಕದಲ್ಲಿಟ್ಟು ಆ ಲೆಕ್ಕ ಹಾಕಬೇಕು.

ನಿಮ್ಮೂರಿನ ಕೇಂದ್ರದಲ್ಲಿ ಏನು ಕೇಳಬಹುದು

ನಿಮಗೆ 30 ದಾಟಿದ್ದರೆ ಬಿಪಿ, ಶುಗರ್, ಬಾಯಿ ತಪಾಸಣೆ ಅಲ್ಲಿ ಉಚಿತ. ಹೆಂಗಸರಿಗೆ ಸ್ತನ, ಗರ್ಭಕಂಠದ ತಪಾಸಣೆಯೂ ಈ ಕಾರ್ಯಕ್ರಮದಲ್ಲೇ ಬರುತ್ತದೆ. ಡಾಕ್ಟರ್ ಈಗಾಗಲೇ ಬರೆದ ಬಿಪಿ-ಶುಗರ್ ಮಾತ್ರೆ ಇದ್ದರೆ ಆ ಚೀಟಿ ತೆಗೆದುಕೊಂಡು ಹೋಗಿ, ಮುಂದಿನ ತಿಂಗಳಿಂದ ಇಲ್ಲೇ ಕೊಡುತ್ತೀರಾ ಎಂದು ಕೇಳಿ. ಹೊಸ ತೊಂದರೆಯಾದರೆ ಇ-ಸಂಜೀವಿನಿಯಲ್ಲಿ ಡಾಕ್ಟರಿಗೆ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಉಸಿರು ಕಟ್ಟುವುದು ಇದ್ದರೆ ಕೇಂದ್ರಕ್ಕೂ ಹೋಗಿ ಕಾಯಬೇಡಿ, ನೇರ 108ಕ್ಕೆ ಫೋನ್ ಮಾಡಿ. ಮಾತ್ರೆ ಖಾಲಿ ಎಂದು ಎರಡು ತಿಂಗಳು ಸತತ ಹೇಳಿದರೆ ಸಿಎಚ್‌ಒ ಜೊತೆ ಜಗಳಕ್ಕೆ ನಿಲ್ಲಬೇಡಿ. ಔಷಧ ಕಳಿಸಬೇಕಾದವರು ಮೇಲಿದ್ದಾರೆ. ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆದು, ಗ್ರಾಮಸಭೆಯಲ್ಲಿ ಅದರ ಬಗ್ಗೆ ಕೇಳಿ.